ಅಕ್ಕನ ತವರುಮಾತು

ದರ್ಜಿ ಮಾಡಿದ ತಪ್ಪು ಇಷ್ಟೇ. ಹೆಂಡತಿ ತೀರಿಕೊಂಡು ವರ್ಷವಾದ ದಿನ ಬೆಳಿಗ್ಗೆ, ಸಂಜೆಯ ಪ್ರಾರ್ಥನೆ ಯಾವ ಮಾತಿನಲ್ಲಿರಲಿ ಎಂದು ಮೈದುನನನ್ನು ಕೇಳಿದ.

"ಅದೇನ್ ಕೇಳೋದು ಭಾವ? ಅಕ್ಕ ಗುಡ್ಡದವಳು. ಅಪ್ಪಟ ಗುಡ್ಡದ ಮಾತಲ್ಲೇ ಆಗ್ಬೇಕು. ನಿಮ್ಮ ಕಡಲಮಾತು ಒಂದು ಹನಿ ಬಿದ್ರೂ ಎದ್ದು ಹೋಗ್ತೀನಿ. ಮತ್ತೆ ಈ ಹೊಸ್ತಿಲು ತುಳಿಯಲ್ಲ."

"ನನ್ನ ತಮ್ಮನ್ನ ದೂರ ಮಾಡ್ಕೋಬೇಡಿ" ಎಂಬುದೇ ಹೆಂಡತಿಯ ಕೊನೆಯ ಮಾತಾಗಿತ್ತು.

ಆ ದ್ವೀಪದಲ್ಲಿ ಗುಡ್ಡದವರ ಮಾತಿಗೂ ಕಡಲವರ ಮಾತಿಗೂ ಹುಟ್ಟಿನಿಂದ ಯಾವ ನಂಟೂ ಇರಲಿಲ್ಲ. ಒಂದೇ ಬಾವಿಯ ನೀರು ಸೇದಿ, ಒಂದೇ ಸಂತೆಯಲ್ಲಿ ಚೌಕಾಸಿ ಮಾಡಿ, ಹೆಣ್ಣು ಕೊಟ್ಟು ತಂದು, ಬಹುಕಾಲ ಸಂಸಾರ ಮಾಡಿದ ಗಂಡಹೆಂಡಿರ ಮುಖಗಳಂತೆ ಎರಡೂ ಒಂದೇ ಆಗಿಬಿಟ್ಟಿದ್ದವು. ಒಪ್ಪಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ.

ಪ್ರಾರ್ಥನೆ ಕಲಿಯಲು ದರ್ಜಿ ಗುಡ್ಡದ ಕಡೆಯ ಕ್ಷೌರಿಕನ ಅಂಗಡಿಗೆ ಹೋದ. "ಅಪ್ಪಟ ಮಾತು ತಾನೇ, ಕೂತ್ಕೊ" ಎಂದು ಅವನು ಕತ್ತಿ ಹಿಡಿದೇ ಪ್ರಾರ್ಥನೆ ಶುರುಮಾಡಿದ. ಪಕ್ಕದಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡಿದ್ದ ಕಡಲ ಕಡೆಯ ಅಂಬಿಗ, "ಇದು ನಮ್ಮಜ್ಜಿ ಹೇಳ್ತಿದ್ದದ್ದು ಕಣಯ್ಯ, ಕದ್ದೆಯಾ?" ಎಂದ. ಇಬ್ಬರೂ ಬೈದಾಡಿದ್ದು ಒಂದೇ ಮಾತಿನಲ್ಲಿ. ಬಿಡಿಸಲು ಹೋದ ದರ್ಜಿಯ ಅರ್ಧ ಮೀಸೆ ಹೋಯಿತು.

ಉಳಿದರ್ಧವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವನು ಗುಡ್ಡದ ನೆತ್ತಿಗೆ ಹತ್ತಿದ. ಅಲ್ಲಿ ಹೆಂಡತಿಯ ಸೋದರತ್ತೆ, ಹಣ್ಣುಹಣ್ಣು ಮುದುಕಿ, ಒಬ್ಬಳೇ ಇದ್ದಳು.

"ಹಳೇ ಮಾತು ನನ್ನೊಬ್ಬಳ ಹತ್ರಾನೇ ಉಳಿದಿರೋದು ಮಗಾ. ಆಡೋಕೆ ಯಾರೂ ಇಲ್ಲ. ದೇವರ ಹತ್ರ ಆಡ್ತೀನಿ."

ಅವಳು ಹೇಳಿಕೊಟ್ಟಳು. ತುಂಬಿದ ಕೊಡ ಹೊತ್ತವನಂತೆ, ಎದುರು ಸಿಕ್ಕವರಿಗೂ ಬಾಯಿಬಿಡದೆ, ಅವನು ಗುಡ್ಡ ಇಳಿದ.

ಸಂಜೆ ಸಮಾಧಿಯ ಬಳಿ ಎರಡೂ ಕಡೆಯವರು ಸೇರಿದ್ದರು. ದರ್ಜಿ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದ. ಮೈದುನ ಮೆಲ್ಲನೆ ಎದ್ದು ನಿಂತ.

"ಅಕ್ಕನ ಮುಂದೇನೇ ಹೀಗ್ ಮಾಡಿದ್ರಲ್ಲ ಭಾವ. ಪೂರ್ತಿ ನಿಮ್ಮ ಕಡಲಮಾತಲ್ಲೇ ಹೇಳಿಬಿಟ್ರಿ. ನಂಗೊಂದೂ ತಿಳೀಲಿಲ್ಲ."

"ನಮ್ಮದಲ್ಲಪ್ಪ ಅದು" ಎಂದು ಅಂಬಿಗನೂ ಎದ್ದ. "ಹೆಂಡ್ತಿ ಕಡೆಯೋರಿಗೆ ಹೆದರಿ ನಮ್ಮನ್ನ ಬಿಟ್ಟ."

"ನಿನ್ನ ಸೋದರತ್ತೇನೇ ಹೇಳಿಕೊಟ್ಟದ್ದು ಕಣೋ" ಎಂದು ದರ್ಜಿ ಗೋಗರೆದ.

"ಅತ್ತೆಗೆ ಅರಳುಮರಳು. ಅವಳ ಮಾತು ನಮ್ಮಲ್ಲಿ ಯಾರಿಗೆ ತಿಳಿಯುತ್ತೆ?"

ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ, ದರ್ಜಿಯನ್ನು ಬೈದುಕೊಳ್ಳುತ್ತ, ಒಬ್ಬರ ಮಾತಿಗೊಬ್ಬರು ತಲೆದೂಗುತ್ತ ಹೊರಟು ಹೋದರು.

ದರ್ಜಿ ಸಮಾಧಿಯ ಪಕ್ಕ ಕುಳಿತ. ಅಡುಗೆಮನೆಯಲ್ಲಿ ತಾನೂ ಹೆಂಡತಿಯೂ ಆಡುತ್ತಿದ್ದ ಬೆರಕೆ ಮಾತಿನಲ್ಲಿ ಮೆಲ್ಲಗೆ ಅಂದ:

"ನಿನ್ನ ತಮ್ಮ ಹೋದ ಕಣೆ. ಏನು ಹೇಳಿದೆನೋ ನಂಗೂ ತಿಳೀಲಿಲ್ಲ. ದೇವರನ್ನ ಕೇಳ್ಕೋ."