ಕೌದಿಗೆ ಬೆಲೆ ಕಟ್ಟಿದ ಯಂತ್ರ

“ಇನ್ನ ಮ್ಯಾಲೆ ಯಾವ ಗಿರಾಕಿನೂ ‘ಇಷ್ಟ್ಯಾಕ?’ ಅಂತ ಕೇಳಂಗಿಲ್ಲ!” ಎಂದು ಪಕ್ಕದ ಮನೆಯ ಗುರುಸಿದ್ದಪ್ಪ ಕಾಕಾ ಘೋಷಿಸಿದರು. ಹಳೆಯ ತಕ್ಕಡಿ, ಮಿಕ್ಸರಿನ ಮೋಟರು ಮತ್ತು ಕಿವಿಯಂಥ ಎರಡು ಕೊಳವೆಗಳನ್ನು ಕೂಡಿಸಿ ಅವರು ಕಟ್ಟಿದ ಬೆಲೆಯಂತ್ರ ಗುರುಗುಡುತ್ತಿತ್ತು.

ಅವರ ಹೆಂಡತಿ ನೀಲವ್ವ ಕಾಕು ಹಳೇ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಹೊದೆಯುವ ಕೌದಿ ಹೊಲಿಯುತ್ತಾರೆ. ಫೋಟೊ ತೆಗೆದು ಆನ್‌ಲೈನ್ ಅಂಗಡಿಗೆ ಹಾಕುವುದು ನನ್ನ ಕೆಲಸ. ಈಗಷ್ಟೇ ಮುಗಿಸಿದ ಕೌದಿಯ ದುಡ್ಡಿನಲ್ಲಿ ಕಾಕು ಕನ್ನಡಕ ಕೊಳ್ಳಬೇಕಿತ್ತು. ಸೂಜಿಗೆ ದಾರ ಪೋಣಿಸಲು ಅವರಿಗೆ ಈಗ ನನ್ನ ಕಣ್ಣೇ ಬೇಕು. ಆದರೆ ಮೈಸೂರಿನ ಗಿರಾಕಿಯೊಬ್ಬರು, ‘ಹಳೇ ಸೀರೆಗೆ ನಾಲ್ಕು ಸಾವಿರವೇ? ಲೆಕ್ಕ ಕೊಡಿ’ ಎಂದು ಬರೆದಿದ್ದರು. ನಾನು ಎಷ್ಟು ಸಲ ಲೆಕ್ಕ ಹಾಕಿದರೂ ಎಲ್ಲೋ ತಪ್ಪಿದೆ ಅನಿಸುತ್ತಿತ್ತು. ಅದಕ್ಕೇ ಯಂತ್ರಕ್ಕೆ ಒಪ್ಪಿದೆ.

ಕಾಕಾ ಕೌದಿಯನ್ನು ತಕ್ಕಡಿಯಲ್ಲಿಟ್ಟರು. ಯಂತ್ರ ಗಟ್ಟಿಯಾಗಿ ಹೇಳಿತು. ಕಾಕಾ ಅದನ್ನು ನನ್ನ ಫೋನಿಗೂ ಜೋಡಿಸಿದ್ದರಿಂದ, ಹೇಳಿದ್ದು ಅಂಗಡಿಯ ಪುಟದಲ್ಲೂ ಮೂಡಿತು. “ಬಟ್ಟೆ. ದಾರ. ರೊಟ್ಟಿ ಚೂರು. ಕೂಲಿ. ಒಟ್ಟು ನಾಲ್ಕು ಸಾವಿರ!”

ರೊಟ್ಟಿಯೂ ಸರಿಯೇ. ಕೌದಿ ಹಸಿದಿರಬಾರದೆಂದು, ಮುಗಿಸುವಾಗ ಮೂಲೆಯಲ್ಲಿ ಕಡಕ್ ರೊಟ್ಟಿಯ ಚೂರಿಟ್ಟು ಹೊಲಿಯುವುದು ಕಾಕು ಮನೆಯ ಪದ್ಧತಿ.

“ನಾ ಹೇಳಿದ್ದ ಬೆಲಿನ ಅದು! ಇದಕ್ಕ ನನ್ನ ಮಿಕ್ಸರ್ ಕೊಲ್ಲಬೇಕಿತ್ತೇನ್ರಿ?” ಎಂದರು ಕಾಕು.

“ಸಿಟ್ಟು,” ಎಂದಿತು ಯಂತ್ರ. “ಐನೂರು ಸೇರಿಸಿದೆ.”

ಗಿರಾಕಿ ಪುಟ ನೋಡುತ್ತಿದ್ದರು! ನಾನು ಕಾಕುವಿನತ್ತ ತಿರುಗಿದೆ. “ಕಾಕು, ಏನರ ಛಲೋ ಮಾತಾಡ್ರಿ!”

ಕಾಕು ಕೌದಿ ಸವರಿದರು. “ಸಿಟ್ಟೆಲ್ಲೈತಿ? ಹೊಲಿಯೂ ಮುಂದ ಎಷ್ಟ್ ಖುಷಿಲೆ ಇದ್ನಿ!”

“ಹೊಲಿದವರಿಗೆ ಖುಷಿ. ಕೂಲಿ ಕಡಿತ!” ಬೆಲೆ ಸರ್ರನೆ ಇಳಿಯತೊಡಗಿತು.

“ಜಗಳಾ ತಗೀರಿ! ಲಗೂನ!” ಎಂದು ಕೂಗಿದೆ.

“ನಿಮ್ಮವರು ಮದುವ್ಯಾಗ ಲಾಡು ಕಟಗೊಂಡು ಹೋಗಿದ್ರು!” ಎಂದು ಕಾಕು ಗಂಡನತ್ತ ತಿರುಗಿದರು.

“ಲಾಡು ಅಲ್ಲಲೇ, ಕಲ್ಲು! ನಮ್ಮಪ್ಪನ ಹಲ್ಲು ಮುರೀತು!”

“ಹಲ್ಲು ಮೊದಲ ಎಲ್ಲಿದ್ದುವು ಅವರಿಗೆ?”

ಕಷ್ಟವೇನೆಂದರೆ, ಈ ಜಗಳ ಇಬ್ಬರಿಗೂ ಬಹಳ ಇಷ್ಟ. “ಖುಷಿ! ಖುಷಿ!” ಎಂದು ಯಂತ್ರ ಕುಣಿಯಿತು. ಬೆಲೆ ಸೊನ್ನೆಯನ್ನೂ ದಾಟಿತು. ಕೌದಿ ಒಯ್ಯುವವರಿಗೆ ನಾವೇ ಎಂಟುನೂರು ಕೊಡಬೇಕಂತೆ!

ಗಿರಾಕಿ ತಕ್ಷಣ ಕೊಂಡರು.

ಕಾಕಾ ವೈರ್ ಕಿತ್ತರು. ಯಂತ್ರ ನಿಲ್ಲಲಿಲ್ಲ. “ಬ್ಯಾಟರಿ ಹಾಕೀನಿ. ಕರೆಂಟ್ ಹೋದ್ರೂ ನಡೀಬೇಕಲ್ಲ!” ಎಂದರು ಹೆಮ್ಮೆಯಿಂದ.

ಕಾಕು ಕತ್ತರಿ ತಂದು ಕೌದಿಯ ಮೂಲೆ ಬಿಚ್ಚಿ ರೊಟ್ಟಿ ಎಳೆದರು. “ಮುಗೀಲಾರದ್ದನ್ನ ಹೆಂಗ ಮಾರ್ತೈತಿ ನೋಡೂಣು!”

“ಕೌದಿ ಅಪೂರ್ಣ. ಮಾರಾಟ ರದ್ದು.”

ಬ್ಯಾಟರಿ ತೆಗೆದ ಮೇಲೆ ರೊಟ್ಟಿ ಮತ್ತೆ ಒಳಗೆ ಹೋಯಿತು. ದಾರ ನಾನೇ ಪೋಣಿಸಿದೆ. ‘ಹಾಗಾದರೆ ನಿಜವಾದ ಬೆಲೆ ಯಾವುದು?’ ಎಂದು ಗಿರಾಕಿ ಕೇಳಿದ್ದರು.

“ನಾಕ್ ಸಾವಿರ,” ಎಂದರು ಕಾಕು. “ಕೌದಿ ಹೊಟ್ಟಿ ತುಂಬೇತಿ, ಹೊಲಿದಾಕಿದೂ ತುಂಬಬೇಕಲ್ಲ ಅಂತ ಬರಿ.”

ಇಷ್ಟು ಲೆಕ್ಕ ಸಾಕೇ ಎಂದು ಅನುಮಾನಿಸುತ್ತಲೇ ಬರೆದೆ. ದುಡ್ಡು ಬಂತು.

ಹೊಸ ಕನ್ನಡಕದಲ್ಲಿ ಕಾಕು ಮೊದಲು ಕಂಡದ್ದು ತಮ್ಮ ಮಿಕ್ಸರಿನ ಮೋಟರನ್ನು. ಅಂದೇ ಗುಜರಿಯವನನ್ನು ಕರೆಸಿದರು. ಕಾಕಾ ಕಡೆಯ ಸಲ ಬ್ಯಾಟರಿ ಹಾಕಿದಾಗ ಯಂತ್ರ ತನ್ನನ್ನೇ ತೂಗಿಕೊಂಡಿತು.

“ಮಾಡಿದವರ ಖುಷಿ ಪೂರ್ತಿ. ಬೆಲೆ ಸೊನ್ನೆ.”

ಗುಜರಿಯವನು ಚೌಕಾಸಿ ಮಾಡಲಿಲ್ಲ.