ಮೂರು ಬಿಲ್ಲು, ಒಂಬತ್ತು ತುಂಡು

ಬೆಳಗ್ಗೆ ಏಳೂವರೆಗೆ ಬಂದ ಒಂದು ಫೋನೇ ಎಲ್ಲ ರಗಳೆಗೂ ಕಾರಣ. ಮಾಡಿದವರು ಬಿಲ್ಲುವಿದ್ಯೆ ಕಲಿಸುವ ಮೈದಾನದ ಗುರುಗಳು. ಹೊಸ ತಂಡದಲ್ಲಿ ಒಂದೇ ಜಾಗ ಉಳಿದಿದೆ, ಸಂಜೆ ಐದಕ್ಕೆ ಸ್ವಂತ ಬಿಲ್ಲು ಹಿಡಿದು ಬಂದರೆ ಅದು ನಿಮ್ಮದು, ಬರದಿದ್ದರೆ ಇನ್ನೊಂದು ವರ್ಷ ನನ್ನನ್ನು ಕೇಳಬೇಡಿ ಎಂದು ಹೇಳಿ ಇಟ್ಟುಬಿಟ್ಟರು.

ಫೋನು ಹಿಡಿದು ಪಿಳಿಪಿಳಿ ಕಣ್ಣು ಬಿಡುತ್ತ ನಿಂತವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಅಲ್ಲಿ ಎಲ್ಲರೂ ಅವರನ್ನು ತಿದ್ದುಪಡಿ ಎಂದೇ ಕರೆಯುತ್ತಾರೆ. ಎಡಗಡೆ ಮೂಲ ಪ್ರತಿ, ಬಲಗಡೆ ಅಚ್ಚಾದ ಕರಡು, ಎರಡನ್ನೂ ಅಕ್ಷರ ಅಕ್ಷರ ಹೋಲಿಸುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದರು. ಕುತ್ತಿಗೆ ಬಗ್ಗಿ ಬಗ್ಗಿ ಅಲ್ಲೇ ನಿಂತುಹೋಗುವ ಹಾಗಾಗಿತ್ತು. ಒಂದು ಗೇಣು ದೂರದ ಅಕ್ಷರ ಬಿಟ್ಟು, ನೆಟ್ಟಗೆ ನಿಂತು, ಮೂವತ್ತು ಹೆಜ್ಜೆ ಆಚೆಗಿನ ಏನನ್ನಾದರೂ ನೋಡಬೇಕು ಎಂಬುದೊಂದೇ ಅವರ ಆಸೆ. ಮೈದಾನದಲ್ಲಿ ಬಾಣ ಬಿಡುವವರನ್ನು ಬೇಲಿಯಾಚೆಯಿಂದ ಕಂಡ ದಿನ, ಇದೇ ಅದು ಅನ್ನಿಸಿತ್ತು.

ಅದು ಹನ್ನೊಂದು ತಿಂಗಳ ಹಿಂದಿನ ಮಾತು. ಅಂದಿನಿಂದ ಅವರು ಬಿಲ್ಲು ಹೋಲಿಸುತ್ತಲೇ ಇದ್ದರು. ಬಿಚ್ಚಿ ಚೀಲದಲ್ಲಿಡುವಂಥ, ಕೈಗೆಟುಕುವ ಬೆಲೆಯ ಬಿಲ್ಲು ಸಾಕಿತ್ತು. ನಡುವೆ ಮರದ ಹಿಡಿ, ಮೇಲೊಂದು ತೋಳು, ಕೆಳಗೊಂದು ತೋಳು, ಬೇರೆ ಥಳಕುಬಳಕು ಏನೂ ಬೇಡ. ಅಂಥವು ಅಂಗಡಿಯಲ್ಲಿ ಮೂರು ಬಗೆ ಇದ್ದವು. ಮೊದಲನೆಯದು ಹಗುರ, ಆದರೆ ಬಾಣ ಬಿಟ್ಟಾಗ ಕೈ ಜುಮ್ಮೆನ್ನುತ್ತದೆ. ಎರಡನೆಯದರ ಎಳೆತ ಮೆತ್ತಗೆ, ಆದರೆ ತೋಳು ಬಿಗಿಯಲು ಸ್ಪ್ಯಾನರ್ ಬೇಕು. ಮೂರನೆಯದಕ್ಕೆ ಕೈಯಲ್ಲೇ ತಿರುಗಿಸುವ ತಿರುಪು, ಆದರೆ ಹಿಡಿ ದಪ್ಪ. ಈ ಆದರೆಗಳನ್ನೇ ಬರೆದು ಬರೆದು ಎರಡು ನೋಟ್‌ಬುಕ್ ಮುಗಿದಿದ್ದವು.

ಹೆಂಡತಿಗೆ ಸಾಕುಸಾಕಾಗಿತ್ತು. ಫೋನಿನ ವಿಷಯ ಕೇಳಿದ್ದೇ ಆಕೆ ಸೌಟು ಕೆಳಗಿಟ್ಟಳು.

"ರೀ, ಊಟಕ್ಕೆ ಕೂತ್ರೂ ಬಿಲ್ಲು, ಮಲಗಿದ್ರೂ ಬಿಲ್ಲು. ನಾನೂ ಮನುಷ್ಯಳೇ. ಇವತ್ತು ಸಂಜೆ ಬಿಲ್ಲು ಬಂದ್ರೆ ಸರಿ, ಇಲ್ಲಾಂದ್ರೆ ಇನ್ಮೇಲೆ ಈ ಮನೇಲಿ ಆ ಮಾತೇ ಎತ್ತಕೂಡದು. ಐದಕ್ಕೆ ನಾನೇ ಮೈದಾನಕ್ಕೆ ಬರ್ತೀನಿ. ನನ್ನ ಕಣ್ಣಾರೆ ನೋಡ್ಬೇಕು."

ತಿದ್ದುಪಡಿ ಅಂಗಡಿಗೆ ಓಡಿದರು. ಹನ್ನೊಂದು ತಿಂಗಳಿಂದ ಅವರ ಮುಖ ನೋಡುತ್ತ ಬಂದಿದ್ದ ಅಂಗಡಿಯವನು ಬಾಯಿ ತೆರೆಯಲು ಬಿಡಲೇ ಇಲ್ಲ. ಮೂರು ಬಿಲ್ಲನ್ನೂ ಒಂದೇ ಉದ್ದನೆಯ ಚೀಲಕ್ಕೆ ತುಂಬಿ ಅವರ ಹೆಗಲಿಗೆ ಹಾಕಿದ.

"ಮೂರೂ ತಗೊಂಡ್ಹೋಗಿ ಸಾರ್. ಸಂಜೆ ಎರಡು ವಾಪಸ್ ತನ್ನಿ. ಯಾವ ಎರಡಾದ್ರೂ ಪರವಾಗಿಲ್ಲ. ಇಲ್ಲಿ ನಿಂತು ಯೋಚನೆ ಮಾತ್ರ ಮಾಡ್ಬೇಡಿ."

ಚೀಲ ಹೊತ್ತು ಮುದ್ರಣಾಲಯಕ್ಕೆ ಹೋದದ್ದೇ ತಪ್ಪಾಯಿತು. ಮಧ್ಯಾಹ್ನದವರೆಗೂ ಅದು ಕುರ್ಚಿಯ ಹಿಂದೆ ಸುಮ್ಮನಿತ್ತು. ಊಟದ ಹೊತ್ತಿಗೆ ಬೈಂಡರ್ ಮೂಗು ತೂರಿಸಿದ, ಅವನ ಬೆನ್ನಿಗೆ ಮೆಷಿನ್ ನಡೆಸುವವನೂ ಬಂದ. ಇಬ್ಬರೂ ಸೇರಿ ಮೂರೂ ಬಿಲ್ಲುಗಳನ್ನು ಬೈಂಡಿಂಗ್ ಮೇಜಿನ ಮೇಲೆ ಹರಡಿದರು. ಬೈಂಡರ್ ಮೊದಲನೆಯದನ್ನು ಹೊಗಳಿದ, ಮೆಷಿನಿನವನು ಎರಡನೆಯದೇ ಗಟ್ಟಿ ಎಂದ. ತಿದ್ದುಪಡಿ ಇಬ್ಬರ ಮಾತಿಗೂ ತಲೆಯಾಡಿಸಿದರು. ಎರಡೂ ಅವರ ನೋಟ್‌ಬುಕ್ಕಿನಲ್ಲಿದ್ದ ಮಾತುಗಳೇ.

ದಿನವಿಡೀ ದಾರ ಜಗ್ಗಿ ಪುಸ್ತಕ ಹೊಲಿಯುವ ತನಗೆ ಇದೇನು ಮಹಾ ಎಂದು ಬೈಂಡರ್ ಮೊದಲನೆಯ ಬಿಲ್ಲಿಗೆ ಹೆದೆ ಕಟ್ಟಿಯೇಬಿಟ್ಟ. ಬಿಲ್ಲು ಬಾಗಿದ ಕಡೆಗೇ ಹೆದೆ ಕಟ್ಟಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಜಾತಿಯ ಬಿಲ್ಲಿಗೆ ಅದರ ಉಲ್ಟಾ. ತೋಳನ್ನು ಹಿಂದಕ್ಕೆ ಬಗ್ಗಿಸಿ ಕಟ್ಟಬೇಕು. ಹಾಗೆ ತಪ್ಪಾಗಿ ಕಟ್ಟಿದ ಬಿಲ್ಲನ್ನು ಬೈಂಡರ್ ಜೋರಾಗಿ ಎಳೆದಾಗ ಅದು ಹಳೇ ಬಾಗಿಲಿನಂತೆ ಕಿರ್ರೆಂದಿತು. ತಿದ್ದುಪಡಿ ಓಡಿ ಬಂದರು. ಹೆದೆ ಬಿಚ್ಚಿಸಿ, ಎರಡೂ ತೋಳುಗಳನ್ನು ಭೂತಗನ್ನಡಿ ಹಿಡಿದು ಉದ್ದಕ್ಕೂ ನೋಡಿದರು. ಸದ್ಯ, ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಹಣೆ ಒರೆಸಿಕೊಂಡರು.

ಇನ್ನು ಯಾರೂ ಮುಟ್ಟಬೇಡಿ, ಬಿಚ್ಚಿ ಚೀಲಕ್ಕೆ ಹಾಕಿಬಿಡಿ ಎಂದರು. ಬಿಚ್ಚುವ ಕೆಲಸದಲ್ಲಿ ಮೆಷಿನಿನವನ ಕೈ ಬಲು ಚುರುಕು. ಐದು ನಿಮಿಷದಲ್ಲಿ ಮೂರೂ ಬಿಲ್ಲು ಒಂಬತ್ತು ತುಂಡಾಗಿ ಮೇಜಿನ ಮೇಲೆ ಮಲಗಿದವು. ಅಷ್ಟರಲ್ಲಿ ಮಾಲೀಕರು ಒಳಗೆ ಬಂದರು. ಸಾವಿರ ಕ್ಯಾಲೆಂಡರ್ ಹೊಲಿಯುವುದಿದೆ, ಇಲ್ಲೇನು ಸೌದೆ ಡಿಪೋ ಇಟ್ಟಿದ್ದೀರಾ ಎಂದು ರೇಗಿ, ಎರಡೂ ಕೈಯಿಂದ ಬಾಚಿ ಎಲ್ಲವನ್ನೂ ಮೂಲೆಗೆ ಗುಡ್ಡೆ ಹಾಕಿದರು.

ಈಗ ನಿಜವಾದ ಫಜೀತಿ ಶುರುವಾಯಿತು. ಮೂರು ಹಿಡಿಗಳೇನೋ ಬೇರೆ ಬೇರೆ. ಆರು ತೋಳುಗಳು ಮಾತ್ರ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಉದ್ದ. ಯಾವುದು ಯಾರದು, ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಗೊತ್ತಾಗದೆ ಬೈಂಡರ್ ತಲೆ ಕೆರೆದುಕೊಂಡ. ತಿದ್ದುಪಡಿ ನೆಲದ ಮೇಲೆ ಕೂತರು. ತೋಳಿನ ಬುಡದಲ್ಲಿ ಇರುವೆಗಾತ್ರದ ಅಂಕಿಗಳಿದ್ದವು, ಅರ್ಧ ಅಳಿಸಿಹೋಗಿದ್ದವು. ಬೇರೆ ಯಾರಿಗೂ ಅವು ಗೀರಿನ ಹಾಗೆ ಕಾಣುತ್ತಿದ್ದವೇನೋ. ತಿದ್ದುಪಡಿ ಒಂದೊಂದನ್ನೂ ಮೂರು ಸಲ ಓದಿ, ಹಿಡಿಯ ಮೇಲಿನ ಅಂಕಿಗೆ ಹೋಲಿಸಿ, ಮೂರು ಜೊತೆ ಮಾಡಿಟ್ಟರು. ಆ ಒಂದು ಗಂಟೆ ಅವರಿಗೆ ಹಾಯೆನಿಸಿತ್ತು ಎಂದರೆ ಸುಳ್ಳಲ್ಲ.

ಗಡಿಯಾರ ನೋಡಿದರೆ ನಾಲ್ಕು. ಇನ್ನೂ ಯಾವುದೆಂದು ತೀರ್ಮಾನ ಆಗಿರಲಿಲ್ಲ. ಮೊದಲನೆಯದು ಅಂದುಕೊಂಡರು, ಇಲ್ಲ ಮೂರನೆಯದು ಅಂದರು, ಮತ್ತೆ ನೋಟ್‌ಬುಕ್ ತೆಗೆದರು. ಇವರು ಮೀನಮೇಷ ಎಣಿಸುತ್ತ ಕೂತಾಗ ಮೆಷಿನಿನವನಿಗೆ ಪಾಪಪ್ರಜ್ಞೆ ಕಾಡಿತು. ಬಿಚ್ಚಿದವನು ತಾನೇ, ಜೋಡಿಸಿಯಾದರೂ ಕೊಡೋಣ ಎಂದು ಎರಡನೆಯ ಬಿಲ್ಲು ಎತ್ತಿಕೊಂಡು, ಮುದ್ರಣಯಂತ್ರದ ದೊಡ್ಡ ಸ್ಪ್ಯಾನರಿನಿಂದ ಬೋಲ್ಟುಗಳನ್ನು ಬಿಗಿದ. ಯಂತ್ರಕ್ಕೆ ಬಿಗಿಯುವ ಹಾಗೆಯೇ ಬಿಗಿದ. ಆಮೇಲೆ ಅದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಬೋಲ್ಟಿನ ತಲೆ ಸವೆದು ನುಣ್ಣಗಾಯಿತು.

"ಸಾರ್, ಇದು ಇನ್ನು ಬಿಚ್ಚೋ ಬಿಲ್ಲಲ್ಲ. ತಪ್ಪಾಯ್ತು, ಬೈದುಬಿಡಿ," ಎಂದ ಅವನು.

ತಿದ್ದುಪಡಿ ಬೈಯಲಿಲ್ಲ. ಅವರ ಮುಖ ಅರಳಿತ್ತು. ಇದನ್ನು ಅಂಗಡಿಗೆ ಹಿಂದಿರುಗಿಸುವ ಹಾಗಿಲ್ಲ. ಅಂದಮೇಲೆ ಇದೇ ತನ್ನದು. ಹನ್ನೊಂದು ತಿಂಗಳು ಹೊತ್ತ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಮೆಷಿನಿನವನ ಕೈ ಹಿಡಿದು ಕುಲುಕಿ, ಉಳಿದೆರಡನ್ನು ಅಂಗಡಿಗೆ ತಲುಪಿಸಿದರು. ಅಂಗಡಿಯವನು ಅವೆರಡನ್ನು ತಿರುಗಿಸಿ ನೋಡದೆಯೇ ಒಳಗಿಟ್ಟು, ಒಂದು ಲೋಟ ನೀರು ಕುಡಿದು ಕುರ್ಚಿಗೆ ಒರಗಿದ.

ಐದಕ್ಕೆ ಎರಡು ನಿಮಿಷ ಇರುವಾಗ ಮೈದಾನ ಮುಟ್ಟಿದರು. ಹೆಂಡತಿ ಬೇಲಿಯ ಬಳಿ ನಿಂತಿದ್ದಳು. ಗಂಡನ ಕೈಯಲ್ಲಿ ಬಿಲ್ಲು ಕಂಡಾಗ ಅವಳಿಗೆ ನಂಬಲಾಗಲಿಲ್ಲ, ಮುಟ್ಟಿ ನೋಡಿದಳು. ಗುರುಗಳು ಬಿಲ್ಲು ತಿರುಗಿಸಿ ನೋಡಿ, ಎಳೆತ ಸರಿಯಾಗಿದೆ, ಒಳ್ಳೇದನ್ನೇ ಆರಿಸಿದ್ದೀರಿ ಎಂದರು. ತಿದ್ದುಪಡಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕುತ್ತಿಗೆ ನೆಟ್ಟಗೆ ಮಾಡಿ ನಿಂತರು.

ಸೇರಿಸಿಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಇದೆ ಎಂದರು ಗುರುಗಳು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ದೀಪದ ಕಂಬ ನೋಡಲು ಹೇಳಿದರು. ಕಂಬ ಕಂಡಿತು. ಈಗ ಎಡಗಣ್ಣು ಮುಚ್ಚಿ ಎಂದರು. ಕಂಬ ಮಾಯವಾಯಿತು. ಮತ್ತೆ ಮಾಡಿಸಿದರು, ಮತ್ತೆ ಮಾಯವಾಯಿತು.

"ನಿಮಗೆ ಗುರಿ ಹಿಡಿಯೋದು ಎಡಗಣ್ಣು. ಹೆದೆ ಎಡಗೈಲಿ ಎಳೀಬೇಕು," ಎಂದರು ಗುರುಗಳು. "ಇದು ಬಲಗೈಯವರ ಬಿಲ್ಲು. ಬಾಣ ಕೂರೋ ಕಚ್ಚು ಈ ಕಡೆ ಇದೆ ನೋಡಿ. ನಿಮಗೆ ಆಗೋದಿಲ್ಲ."

ಗುರುಗಳಿಗೆ ಆ ಜಾಗ ಇವತ್ತೇ ತುಂಬಬೇಕಿತ್ತು. ಅವರು ಆ ಕಡೆ ಈ ಕಡೆ ನೋಡಿ, ತಿದ್ದುಪಡಿಯವರ ಹೆಂಡತಿಗೆ ಕೈ ಚಾಚಿ ಕಿಂಡಿ ಮಾಡಲು ಹೇಳಿದರು. ಆಕೆಯದು ಬಲಗಣ್ಣು. ಬಿಲ್ಲು ಆಕೆಯ ಕೈಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬೇಡ ಬೇಡ ಅನ್ನುತ್ತಲೇ ಆಕೆ ಬಿಟ್ಟ ಮೂರನೆಯ ಬಾಣ ಹಲಗೆಯ ಅಂಚಿಗೆ ನಾಟಿತು. ಗುರುಗಳು ಪುಸ್ತಕ ತೆರೆದು ಆಕೆಯ ಹೆಸರು ಬರೆದುಕೊಂಡರು.

ಆಕೆ ಹೆದರುತ್ತಲೇ ಗಂಡನ ಮುಖ ನೋಡಿದಳು. "ರೀ, ಬೇಜಾರಾಯ್ತಾ?"

ಬೇಜಾರಾಗಬೇಕಿತ್ತು. ಆದರೆ ತಿದ್ದುಪಡಿಯವರ ಮನಸ್ಸು ಆಗಲೇ ಬೇರೆಲ್ಲೋ ಓಡಿತ್ತು. ಎಡಗೈ ಬಿಲ್ಲು. ಅಂದರೆ ಎಲ್ಲವನ್ನೂ ಮೊದಲಿನಿಂದ ಹೋಲಿಸಬೇಕು. ಒಳಗೊಳಗೇ ಎಂಥದೋ ನಿರಾಳ. ಇಲ್ಲ ಕಣೇ ಎಂದು ಹೇಳಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅಂಗಡಿಗೆ ಫೋನು ಮಾಡಿ, ಎಡಗೈಯವರಿಗೆ ಬಿಚ್ಚಿಡುವ ಬಿಲ್ಲು ಎಷ್ಟು ಬಗೆ ಇದೆ ಎಂದು ಕೇಳಿದರು.

"ಒಂದೇ ಸಾರ್," ಎಂದ ಅಂಗಡಿಯವನು. ಅವನ ದನಿಯಲ್ಲಿ ಎಂದೂ ಇಲ್ಲದ ಸಂತೋಷವಿತ್ತು. "ಬೇರೆ ಯಾರೂ ಮಾಡೋದೇ ಇಲ್ಲ. ಯೋಚನೆ ಮಾಡೋ ಹಾಗೇ ಇಲ್ಲ. ನಾಳೆ ಬೆಳಗ್ಗೆ ಬಂದು ತಗೊಂಡ್ಹೋಗಿ."

ತಿದ್ದುಪಡಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದರು. ಒಂದೇ. ಹೋಲಿಸಲು ಏನೂ ಇಲ್ಲ. ನಾಳೆಯೇ ಕೊಂಡು, ನಾಡಿದ್ದರಿಂದ ಒಂದು ವರ್ಷ ಜಾಗಕ್ಕಾಗಿ ಕಾಯುತ್ತ ಸುಮ್ಮನೆ ಕೂರಬೇಕು. ಇವರು ಒಂದೇನಾ, ಒಂದೇನಾ ಎಂದು ಎರಡು ಸಲ ಕೇಳಿದ್ದಕ್ಕೆ ಅಂಗಡಿಯವನಿಗೆ ಕನಿಕರ ಹುಟ್ಟಿರಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು, ಪಾಪ.

"ಬಣ್ಣ ಮಾತ್ರ ಎರಡಿದೆ ಸಾರ್. ಕಂದು, ಕಪ್ಪು."

ತಿದ್ದುಪಡಿಯವರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಬಿಲ್ಲು ಹಿಡಿದುಕೊಂಡೇ ನೆಲದ ಮೇಲೆ ಕುಕ್ಕರಿಸಿದಳು. ತಿದ್ದುಪಡಿ ಬೆಂಚಿನ ಮೇಲೆ ಹಾಯಾಗಿ ಕುತ್ತಿಗೆ ಬಗ್ಗಿಸಿ, ಫೋನನ್ನು ಭುಜಕ್ಕೆ ಒತ್ತಿಹಿಡಿದು ಜೇಬಿನಿಂದ ಪೆನ್ನು ತೆಗೆದರು.

"ಕಂದು ಅಂದ್ರೆ, ಎಂಥಾ ಕಂದು? ಇರಿ, ಬರ್ಕೋತೀನಿ."