ಮೂರಡಿಯ ಹುತಾತ್ಮ

ಮೊಗುಡಂಪಲ್ಲಿ ಹತ್ತಿರದ ಊರೊಂದರ ಸ್ಮಶಾನದಲ್ಲಿ ಎದ್ದಿರುವ ಸ್ಮಾರಕದ ನಾಲ್ಕನೆಯ ನಿಯಮದ ಪ್ರಕಾರ, ಒಬ್ಬ ಹುತಾತ್ಮನ ಉದ್ದ ಆರು ಅಡಿ.

ನಿಜಾಮರ ಕಾಲದಲ್ಲಿ ಬಂಡೆದ್ದು ಗುಂಡಿಗೆ ಬಲಿಯಾದವರ ಮರಣಪತ್ರ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ಸ್ಮಾರಕ ಸಮಿತಿ ಸಮಾಧಿಯನ್ನೇ ಪುರಾವೆಯೆಂದು ಒಪ್ಪಿ, ಒಂದು ಟೇಪು ತರಿಸಿತು. ಸ್ಮಾರಕವೋ ನವ್ಯ ಶೈಲಿಯದು. ತಲೆಗೊಂದರಂತೆ ವಾಲಿದ ಕಾಂಕ್ರೀಟ್ ಗೋಡೆ. ಮುಖವಿಲ್ಲ, ಕೈಕಾಲಿಲ್ಲ, ಹೆಸರು ಮಾತ್ರ. ಜಗದೇವಿಗೆ ಬೇಕಾಗಿದ್ದುದೂ ಅಷ್ಟೇ, ಮಾವ ವೈಜಿನಾಥನ ಹೆಸರು. ಆ ಹೆಸರಿಗಾಗಿ ಕಚೇರಿ ಅಲೆದಲೆದೇ ಅವಳ ಗಂಡ ತೀರಿಕೊಂಡಿದ್ದ.

ಸರ್ವೇಯರ್ ಆನಂದಕುಮಾರ ಮಾವನ ಸಮಾಧಿಗೆ ಟೇಪು ಹಿಡಿದ. ಮೂರಡಿ. ಮತ್ತೊಮ್ಮೆ ಹಿಡಿದ. ಮೂರೇ.

"ಅಮ್ಮಾ, ಇದರಾಗ ಅರ್ಧಾ ಮನಷ್ಯಾನೇ ಅದಾನ್ರಿ."

"ಪೂರಾ ಅದಾರ್ರಿ ಸಾಹೇಬ್ರ. ನಮ್ಮೋರಿಗಿ ಕುಂದ್ರಿಸೇ ಮಣ್ಣು ಕೊಡ್ತಾರ, ಕೈಯಾಗ ಲಿಂಗ ಇಟ್ಟು."

"ಫಾರಮಿನಾಗ ಕುಂತೋರಿಗಿ ಖಾನಾ ಇಲ್ಲರಿ."

"ಹಂಗಾದ್ರ ಆಳ ಅಳೀರಿ!"

"ಆಳ ಬೋರವೆಲ್‌ನೋರ ಕೆಲಸರಿ," ಎಂದು ಆತ ಸಮಾಧಾನದಿಂದ ಹೇಳಿ, ಬರೆದುಕೊಂಡ: 'ವೈಜಿನಾಥ, ಅರ್ಧ ಹುತಾತ್ಮ. ಉಳಿದರ್ಧಕ್ಕೆ ಕುಟುಂಬದವರು ಪುರಾವೆ ಒದಗಿಸತಕ್ಕದ್ದು.'

ಜಗದೇವಿಗೆ ಮೈಯೆಲ್ಲ ಉರಿದುಹೋಯಿತು. ಸಮಿತಿಯ ಕಚೇರಿಗೆ ಹೋಗಿ, "ಗುಂಡು ಅರ್ಧಾ ಬಿದ್ದಿತ್ತೇನ್ರಿ?" ಎಂದು ಕೇಳಿದಳು. ಗುಂಡಿನ ಕಡತ ಬೇರೆ ಟೇಬಲ್ಲಿನದು ಎಂದು ತಿಳಿಸಲಾಯಿತು.

ಪುಣ್ಯಕ್ಕೆ ವೈಜಿನಾಥನ ಪಕ್ಕದಲ್ಲೇ ಸಂಗಡಿಗ ಸೂರ್ಯಕಾಂತನೂ ಕುಳಿತಿದ್ದ. ಅವನದೂ ಮೂರಡಿ. ಸಮಿತಿ ತುರ್ತುಸಭೆ ಸೇರಿ, ಎರಡು ಅರ್ಧಗಳನ್ನು ವಿಲೀನಗೊಳಿಸಿ ಒಬ್ಬ ಪೂರ್ಣ ಹುತಾತ್ಮನನ್ನು ಮಂಜೂರು ಮಾಡಿತು. ಗೋಡೆಯ ಮೇಲೆ 'ಸೂರ್ಯಕಾಂತ ವೈಜಿನಾಥ' ಎಂದು ಕೆತ್ತಲಾಯಿತು. ಓದಿದವರೆಲ್ಲ ಯಾರೋ ವೈಜಿನಾಥನ ಮಗ ಸೂರ್ಯಕಾಂತ ಎಂದುಕೊಂಡರು. ಉದ್ಘಾಟನೆಯ ಭಾಷಣದಲ್ಲಿ ಈ ತಂದೆಮಗನ ಪ್ರೀತಿಯನ್ನು ಬಹುವಾಗಿ ಕೊಂಡಾಡಲಾಯಿತು.

ಜಗದೇವಿ ಬಲಗಡೆಯ ಅರ್ಧಕ್ಕೆ ಹಾರ ಹಾಕಿದಳು. ಆಮೇಲೆ ಮಗ ಬಸವಕಿರಣನನ್ನು ಹತ್ತಿರ ಕರೆದಳು.

"ನಾ ಹೋದ್ರ ನನಗ ಉದ್ದಕ ಮಲಗಿಸು. ಅರ್ಧಾ ಮಾಡಬ್ಯಾಡಪ್ಪಾ."

ಕೇಳಿಸಿಕೊಂಡ ಹಿರಿಯರಿಗೂ ಮಾತು ಸರಿಯೆನಿಸಿತು. ಕುಣಿ ತೋಡುವ ಪೀರಪ್ಪನಿಗೆ ಅಂದೇ ಹೊಸ ಅಳತೆ ಹೇಳಿ ಕಳಿಸಿದರು. ಈಗ ಊರಲ್ಲಿ ಎಲ್ಲರೂ ಆರಡಿ ಮಲಗುತ್ತಾರೆ; ಕುಳ್ಳಗಿದ್ದವರಿಗೂ ರಿಯಾಯಿತಿಯಿಲ್ಲ.